ಆಭೋಗಿ ವರ್ಣದ ಮೇಲೆ ಕ್ರಿಯೇಟರ್

ನಮ್ಮ ಮನೆಗೆ ಥ್ರ್ಯಾಶ್ ಮೆಟಲ್ ಎಂಬ ಅತಿವೇಗದ, ಅಬ್ಬರದ ಗಿಟಾರ್ ಸಂಗೀತ ಬಂದದ್ದು ಕ್ಯಾಸೆಟ್ಟಿನಲ್ಲಿದ್ದ ಆಭೋಗಿ ರಾಗದ ವರ್ಣವನ್ನು ಅಳಿಸಿಕೊಂಡು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. 1990ರ ಬೇಸಿಗೆ. ಜಾಲಹಳ್ಳಿಯ ಎಚ್‌ಎಂಟಿ ಕ್ವಾರ್ಟರ್ಸ್. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಹೆದರಿಕೊಂಡು ಕುಳಿತಿದ್ದೆ. ಅಕ್ಕ ಪ್ರತಿ ಭಾನುವಾರ ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಹೋಗಿ ವೀಣೆ ಕಲಿಯುತ್ತಿದ್ದಳು. ಟೀಚರ್ ನುಡಿಸಿದ್ದನ್ನು ಒಂದು ಟಿಡಿಕೆ ಸಿ-90 ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದು ವಾರವಿಡೀ ಅದನ್ನು ಕೇಳಿ ಕೇಳಿ ಸಾಧನೆ ಮಾಡುತ್ತಿದ್ದಳು. ಯಾರೂ ಅದರ ಮೇಲೆ ಬೇರೇನನ್ನೂ ತುಂಬಿಸಬಾರದೆಂದು ಕ್ಯಾಸೆಟ್ಟಿನ ಬೆನ್ನಿನಲ್ಲಿದ್ದ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದೂ ಇಟ್ಟಿದ್ದಳು. ಆ ತೂತುಗಳ ಮೇಲೆ ಸೆಲ್ಲೋ ಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂಬ ವಿದ್ಯೆ ನನಗೆ ಆಗಲೇ ಗೊತ್ತಿತ್ತು.

ಹಿಂದಿನ ಬೀದಿಯ ಗೆಳೆಯನೊಬ್ಬನ ಚಿಕ್ಕಪ್ಪ ಜರ್ಮನಿಯಿಂದ ಬಂದಿದ್ದರು. ಅವರ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಒಂದು ಕ್ಯಾಸೆಟ್ ಇತ್ತು. ಮರುದಿನ ಬೆಳಿಗ್ಗೆ ಅದನ್ನು ಹಿಂದಿರುಗಿಸಬೇಕು, ಅಂಗಡಿಗಳು ಮುಚ್ಚಿವೆ, ಮನೆಯಲ್ಲಿ ಖಾಲಿ ಕ್ಯಾಸೆಟ್ ಇಲ್ಲ. ಇಬ್ಬರ ಟೇಪ್ ರೆಕಾರ್ಡರ್‌ಗಳನ್ನೂ ನಡುಮನೆಯ ನೆಲದ ಮೇಲೆ ಎದುರುಬದುರಾಗಿ ಇಟ್ಟೆವು. ವೈರು ಇರಲಿಲ್ಲವಾದ್ದರಿಂದ ಒಂದು ಹಾಡಬೇಕು, ಇನ್ನೊಂದು ಕೇಳಿಸಿಕೊಳ್ಳಬೇಕು. ನಾವು ಉಸಿರು ಬಿಗಿಹಿಡಿದು ಕುಳಿತಿದ್ದೆವು. ಎರಡನೆಯ ಬದಿಯ ನಡುವೆ ಅಮ್ಮ ಬೇಳೆಗೆ ಇಟ್ಟಿದ್ದ ಕುಕ್ಕರ್ ಮೂರು ಸಲ ಕೂಗಿತು. ಆ ಮೂರು ಕೂಗೂ ಕ್ಯಾಸೆಟ್ಟಿನಲ್ಲಿ ಇಂದಿಗೂ ಇವೆ. ಹದಿನೈದು ವರ್ಷಗಳ ಮೇಲೆ ಅದೇ ಆಲ್ಬಮ್ಮಿನ ಸಿಡಿ ಕೊಂಡು ಹಾಕಿದಾಗ ಕುಕ್ಕರ್ ಕೂಗಬೇಕಾದ ಜಾಗ ಬಂದು ಹಾಗೆಯೇ ದಾಟಿಹೋಯಿತು. ಏನೋ ಕಳೆದುಹೋದಂತಾಯಿತು.

ಅಪ್ಪ ಎರಡನೆಯ ಶಿಫ್ಟ್ ಮುಗಿಸಿ ಬಂದವರು ಬಾಗಿಲಲ್ಲಿಯೇ ನಿಂತು ಸ್ವಲ್ಪ ಹೊತ್ತು ಆಲಿಸಿದರು. "ಯಾವ ಬೇರಿಂಗ್ ಹೋಗಿದೆ?" ಎಂದು ಕೇಳಿ, ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು.

ಮೊದಲನೆಯ ಬದಿಯಲ್ಲಿದ್ದದ್ದು ಕ್ರಿಯೇಟರ್ ತಂಡದ 'ಪ್ಲೆಷರ್ ಟು ಕಿಲ್', 1986ರದು. ಎರಡನೆಯದರಲ್ಲಿ ಸೋಡಮ್‌ನ 'ಏಜೆಂಟ್ ಆರೆಂಜ್', 1989ರದು. ಇದು ನನಗೆ ತಿಳಿದದ್ದು ಮೂರು ವರ್ಷದ ಮೇಲೆ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಗುಡ್ಡೆಯಲ್ಲಿ ಸಿಕ್ಕ ಒಂದು ಹರಿದ ಇಂಗ್ಲಿಷ್ ಸಂಗೀತ ಪತ್ರಿಕೆಯಿಂದ. ಅಲ್ಲಿಯವರೆಗೆ ನನ್ನ ಪಾಲಿಗೆ ಅವು 'ಮುಂದಿನವರು' ಮತ್ತು 'ಹಿಂದಿನವರು' ಅಷ್ಟೇ. ಮೆಟಾಲಿಕಾ ಎಂಬ ಹೆಸರನ್ನು ನಾನು ಕೇಳಿದ್ದು ಇವರಿಬ್ಬರೂ ಬಾಯಿಪಾಠವಾದ ಮೇಲೆ. ಹಾಗಾಗಿ ಥ್ರ್ಯಾಶ್‌ನ ಇತಿಹಾಸ ನನ್ನ ತಲೆಯೊಳಗೆ ಹಿಂದುಮುಂದಾಗಿಯೇ ಕುಳಿತಿದೆ. ಎಲ್ಲರೂ ಅಮೆರಿಕದ ನಾಲ್ಕು ದೊಡ್ಡ ತಂಡಗಳಿಂದ (ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್) ಹೊರಟು, ಪುರುಸೊತ್ತಿದ್ದರೆ ಉಳಿದವರ ಕಡೆಗೆ ಬರುತ್ತಾರೆ. ನಾನು ಕಲ್ಲಿದ್ದಲಿನ ಊರುಗಳಿಂದ ಹೊರಟೆ.

ಕಲ್ಲಿದ್ದಲು ಎಂದದ್ದು ಅಲಂಕಾರಕ್ಕಲ್ಲ. ಸೋಡಮ್ ಹುಟ್ಟಿದ್ದು ಜರ್ಮನಿಯ ರೂರ್ ಪ್ರದೇಶದ ಗೆಲ್ಸೆನ್‌ಕಿರ್ಷೆನ್‌ನಲ್ಲಿ. ಅದರ ಗಾಯಕ ಟಾಮ್ ಏಂಜಲ್‌ರಿಪ್ಪರ್ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದವನು. ಪಕ್ಕದ ಎಸ್ಸೆನ್ ಕ್ರಿಯೇಟರ್‌ನ ಊರು. ಮೊದಲ ಆಲ್ಬಮ್ 1985ರಲ್ಲಿ ಹೊರಬಂದಾಗ ಅದರ ಗಾಯಕ ಮಿಲ್ಲೆ ಪೆಟ್ರೋಝಾನಿಗೆ ಇನ್ನೂ ಹದಿನೇಳು ವರ್ಷ. ನಾನು ಈಗ ಪೀಣ್ಯದಲ್ಲಿ ಎರಡು ಸಿಎನ್‌ಸಿ ಯಂತ್ರ, ಒಂದು ಮುದಿ ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನು. ಯಂತ್ರದ ಸದ್ದಿನ ನಡುವೆ ಬೆಳೆದ ಮಕ್ಕಳು ಮಾಡಿದ ಸಂಗೀತ ಯಂತ್ರದ ಸದ್ದಿನ ನಡುವೆ ಬೆಳೆದ ನನಗೆ ಥಟ್ಟನೆ ಅರ್ಥವಾಯಿತು ಎಂಬ ಸಿದ್ಧಾಂತವೊಂದನ್ನು ಬಹಳ ಕಾಲ ಸಾಕಿಕೊಂಡಿದ್ದೆ.

ಅದಕ್ಕೆ ಪುರಾವೆಗಳೂ ಸಿಗುತ್ತಿದ್ದವು. ಹೆವಿ ಮೆಟಲ್ ಎಂಬ ವಂಶದ ಮೂಲಪುರುಷ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ. ಹದಿನೇಳನೆಯ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಅವನು ಎಡಚ, ಆದ್ದರಿಂದ ತಂತಿಗಳನ್ನು ಒತ್ತಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮುಂದೆ ತಂತಿಗಳನ್ನು ಸಡಿಲಗೊಳಿಸಿ ಶ್ರುತಿ ಇಳಿಸಿದ. ಆ ಇಳಿದ ಶ್ರುತಿಯ ಭಾರವೇ ಒಂದು ಶೈಲಿಯಾಯಿತು. ಈ ಕಥೆಯನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಸಂಗೀತದ ಭಾಗ ತಲೆಗೇ ಹೋಗಲಿಲ್ಲ. "ಮೆಷೀನಿಗೆ ಗಾರ್ಡ್ ಇರಲಿಲ್ಲವೇ?" ಎಂದರು. ಪ್ರೆಸ್ ಶಾಪಿನ ಯಾರೇ ಆದರೂ ಅದನ್ನೇ ಕೇಳುತ್ತಾರೆ.

ಬ್ರೆಜಿಲ್‌ನ ಸೆಪುಲ್ಟುರಾ ಬಂದದ್ದು ಬೆಲೊ ಹೊರಿಜಾಂಚಿಯಿಂದ. ಅದು ಮಿನಾಸ್ ಜೆರಾಯಿಸ್ ರಾಜ್ಯದ ರಾಜಧಾನಿ. ರಾಜ್ಯದ ಹೆಸರಿನಲ್ಲಿಯೇ ಗಣಿಗಳಿವೆ. ಇನ್ನೇನು ಬೇಕು? ಆದರೆ ಈ ಸಂಗೀತದ ತೊಟ್ಟಿಲಾದ ಕ್ಯಾಲಿಫೋರ್ನಿಯಾದ ಹುಡುಗರನ್ನು ನೋಡಿದರೆ ನನ್ನ ಸಿದ್ಧಾಂತ ಕುಸಿಯುತ್ತದೆ. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್‌ನ ತಂದೆ ಡೆನ್ಮಾರ್ಕಿನ ಟೆನಿಸ್ ಆಟಗಾರ. ಕಬ್ಬಿಣದ ಧೂಳನ್ನೇ ಕಂಡಿರದ ಮಕ್ಕಳೂ ಇದನ್ನು ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ಸಿದ್ಧಾಂತವನ್ನು ಬಿಟ್ಟೆ. ಬಿಟ್ಟೆ ಎಂದರೆ, ಶೆಡ್ಡಿನಲ್ಲಿ ಒಬ್ಬನೇ ಇರುವಾಗ ಮಾತ್ರ ನಂಬುತ್ತೇನೆ.

ಹಾಗಾದರೆ ಇದು ಹುಟ್ಟಿದ್ದು ಹೇಗೆ? ಬಹುತೇಕ ಇಂಗ್ಲೆಂಡಿನ ಸಾಮಾನನ್ನು ಅಮೆರಿಕದಲ್ಲಿ ಜೋಡಿಸಿ. 1979ರಲ್ಲಿ ಮೋಟರ್‌ಹೆಡ್ ತಂಡ 'ಓವರ್‌ಕಿಲ್' ಹೊರತಂದಿತು. ಶೀರ್ಷಿಕೆಯ ಹಾಡಿನಲ್ಲಿ ಫಿಲ್ ಟೇಲರ್ ಎರಡು ಬೇಸ್ ಡ್ರಮ್ಮುಗಳನ್ನು ಎರಡೂ ಕಾಲಿನಿಂದ ಬಿಡದೆ ತುಳಿಯುತ್ತಾನೆ. ಹಾಡು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ, ಅದೂ ಎರಡು ಸಲ. ಸ್ವಿಚ್ ಆರಿಸಿದರೂ ನಿಲ್ಲದ ಲೇತಿನ ಹಾಗೆ. ನ್ಯೂಕ್ಯಾಸಲ್ ಕಡೆಯ ವೆನಮ್ ತಂಡ 1981ರಲ್ಲಿ ಕೊಳಕು, ವೇಗ, ಸೈತಾನ ಮೂರನ್ನೂ ಕಲಸಿತು. ನುಡಿಸಾಣಿಕೆ ಒರಟು, ಆದರೆ ಆ ಒರಟುತನವೇ ಹುಡುಗರಿಗೆ ಧೈರ್ಯ ಕೊಟ್ಟಿತು. ಸ್ಟೋಕ್‌ನ ಡಿಸ್ಚಾರ್ಜ್ ಎಂಬ ಪಂಕ್ ತಂಡ ಎರಡು ಸಾಲಿನ ಸಿಟ್ಟನ್ನು ಎರಡು ನಿಮಿಷದಲ್ಲಿ ಮುಗಿಸುವುದು ಹೇಗೆಂದು ತೋರಿಸಿತು. ಇದೇ ಉಲ್ರಿಕ್ ಡೈಮಂಡ್ ಹೆಡ್ ಎಂಬ ಇಂಗ್ಲಿಷ್ ತಂಡದ ಹುಚ್ಚಿಗೆ 1981ರಲ್ಲಿ ಅಮೆರಿಕದಿಂದ ಇಂಗ್ಲೆಂಡಿಗೆ ಹೋಗಿ ಅವರ ಬೆನ್ನಿಗೆ ಬಿದ್ದು, ವಾಪಸು ಬಂದು, ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಮೂಲಕ ಸಿಕ್ಕಿದ್ದ ಜೊತೆಗಾರನೊಡನೆ ತಂಡ ಕಟ್ಟಿದ. 1983ರ ಜುಲೈಯಲ್ಲಿ 'ಕಿಲ್ ಎಮ್ ಆಲ್' ಬಂತು, ಡಿಸೆಂಬರಿನಲ್ಲಿ ಸ್ಲೇಯರ್‌ನ ಮೊದಲ ಆಲ್ಬಮ್. ಈ ಬಗೆಗೆ 'ಥ್ರ್ಯಾಶ್ ಮೆಟಲ್' ಎಂಬ ಹೆಸರನ್ನು 1984ರಲ್ಲಿ ಅಚ್ಚಿಗೆ ತಂದದ್ದು ಕೆರಾಂಗ್ ಪತ್ರಿಕೆಯ ಮಾಲ್ಕಮ್ ಡೋಮ್, ಆಂಥ್ರಾಕ್ಸ್‌ನ ಹಾಡೊಂದರ ಬಗ್ಗೆ ಬರೆಯುತ್ತ.

ಈ ಕಥೆಯಲ್ಲಿ ನನ್ನ ಮನಸ್ಸು ಕುಳಿತಿರುವುದು ಎಕ್ಸೋಡಸ್ ಎಂಬ ತಂಡದ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆ ಇದನ್ನು ನುಡಿಸುತ್ತಿದ್ದವರು ಇವರು, ಮೆಟಾಲಿಕಾ ಆ ಊರಿಗೆ ಬಂದು ನೆಲೆಸುವುದಕ್ಕೆ ಮೊದಲೇ. ಅವರ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್‌ನನ್ನು ಮೆಟಾಲಿಕಾ 1983ರಲ್ಲಿ ಎತ್ತಿಕೊಂಡು ಹೋಯಿತು. ಮೊದಲ ಆಲ್ಬಮ್ 'ಬಾಂಡೆಡ್ ಬೈ ಬ್ಲಡ್' 1984ರಲ್ಲಿಯೇ ರೆಕಾರ್ಡ್ ಆಗಿದ್ದರೂ ಅಂಗಡಿಗೆ ಬಂದದ್ದು 1985ರಲ್ಲಿ. ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಒಂದು ವರ್ಷ ಮೊದಲು ಬಂದಿದ್ದರೆ ಆ ನಾಲ್ವರ ಸಾಲಿನಲ್ಲಿ ಯಾರು ಇರುತ್ತಿದ್ದರು ಎಂದು ಜಗಳವಾಡುವವರಿದ್ದಾರೆ. ನಾನೂ ಅವರಲ್ಲಿ ಒಬ್ಬ. ಆದರೆ ಅಂಗಡಿಗೆ ಬರುವ ಮೊದಲೇ ಆ ಆಲ್ಬಮ್ಮಿನ ಕಳ್ಳ ಪ್ರತಿಗಳು ಕೈಯಿಂದ ಕೈಗೆ ಓಡಾಡಿದ್ದವು. ಥ್ರ್ಯಾಶ್ ಲೋಕವನ್ನು ಸುತ್ತಿದ್ದೇ ಹಾಗೆ, ಅಂಚೆ ಲಕೋಟೆಯಲ್ಲಿ, ಪ್ರತಿಯ ಪ್ರತಿಯ ಪ್ರತಿಯಾಗಿ. ನಮ್ಮ ನಡುಮನೆಯ ಕುಕ್ಕರ್ ಆ ಸರಪಳಿಯ ಕೊನೆಯ ಕೊಂಡಿ.

ಅಕ್ಕನ ವಿಷಯಕ್ಕೆ ಬರುತ್ತೇನೆ. ವರ್ಣ ಹೋಗಿದೆ ಎಂದು ಗೊತ್ತಾದ ದಿನ ಅವಳು ಅಳಲಿಲ್ಲ, ಕೂಗಲಿಲ್ಲ, ಹನ್ನೊಂದು ದಿನ ನನ್ನೊಡನೆ ಮಾತು ಬಿಟ್ಟಳು. ಹನ್ನೆರಡನೆಯ ದಿನ ಒಂದು ಸಂಗತಿ ಬೆಳಕಿಗೆ ಬಂತು. ಕ್ಯಾಸೆಟ್ಟಿನ ಒಂದು ಬದಿ ನಲವತ್ತೈದು ನಿಮಿಷ. ಕ್ರಿಯೇಟರ್‌ನ ಆಲ್ಬಮ್ ಸುಮಾರು ಮೂವತ್ತೊಂಬತ್ತು. ಕೊನೆಯ ಆರು ನಿಮಿಷದಲ್ಲಿ ಟೀಚರ್ ಬದುಕಿ ಉಳಿದಿದ್ದರು. ವರ್ಣದ ಚರಣವನ್ನು ಅವರು ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ನುಡಿಸುವುದು, ನಡುವೆ ತೊಡೆ ತಟ್ಟಿ ತಾಳ ತೋರಿಸುವುದು, "ಗಮಕ ಅವಸರ ಮಾಡಬೇಡಮ್ಮ" ಎನ್ನುವುದು. ನಮ್ಮ ಟೇಪ್ ರೆಕಾರ್ಡರಿನ ಫಾರ್ವರ್ಡ್ ಗುಂಡಿ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಹೀಗಾಗಿ ಅಕ್ಕ ಆ ಆರು ನಿಮಿಷಕ್ಕಾಗಿ ದಿನಾ 'ಅಂಡರ್ ದ ಗಿಲೊಟಿನ್' ಎಂಬ ಕೊನೆಯ ಹಾಡನ್ನು ಕೇಳಿಯೇ ತೀರಬೇಕಾಯಿತು.

ದಿನಾ ಕೇಳಿದರೆ ಕಿವಿ ಕೆಲಸ ಮಾಡದೆ ಇರುತ್ತದೆಯೇ? ಒಂದು ಸಂಜೆ ಅವಳು ವೀಣೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು, ಟೀಚರ್ ಇನ್ನೂ ಶುರುವಾಗಿರಲಿಲ್ಲ. "ಇದು ಬರೀ ಗಲಾಟೆ ಅಲ್ಲ ಕಣೋ," ಎಂದಳು. "ಒಂದನೆಯ ಕಾಲದಲ್ಲಿ ಹೇಳಬೇಕಾದದ್ದನ್ನು ನೇರವಾಗಿ ಮೂರನೆಯ ಕಾಲದಲ್ಲಿ ಹೇಳುತ್ತಿದ್ದಾರೆ. ಶ್ರುತಿ ಇಲ್ಲ. ಲಯ ಇದೆ."

ಥ್ರ್ಯಾಶ್ ಗಿಟಾರಿನ ಬಗ್ಗೆ ಆಮೇಲೆ ನಾನು ಓದಿದ ಯಾವ ಲೇಖನವೂ ಅಕ್ಕನಷ್ಟು ಚೆನ್ನಾಗಿ ಅದನ್ನು ಬಿಡಿಸಿ ಹೇಳಲಿಲ್ಲ. ಬಲಗೈ ಅಂಗೈಯ ಅಂಚನ್ನು ತಂತಿಗಳ ಬುಡದಲ್ಲಿ, ಅವು ಕೂರುವ ಕುದುರೆಯ (ಬ್ರಿಜ್‌ನ) ಹತ್ತಿರ ಒರಗಿಸಿ ನಾದವನ್ನು ಅರ್ಧ ಹಿಸುಕುತ್ತಾರೆ. ಉಳಿಯುವುದು 'ಟಕ್' ಎಂಬ ಪೆಟ್ಟು ಮಾತ್ರ. ಮೇಲೆ ಕೆಳಗೆ ಎರಡೂ ಕಡೆ ಹೊಡೆದರೆ ಕೈಗೆ ಸುಲಭ, ಆದರೆ ಹಟಮಾರಿಗಳು ಪ್ರತಿ ಪೆಟ್ಟನ್ನೂ ಕೆಳಮುಖವಾಗಿಯೇ ಹೊಡೆಯುತ್ತಾರೆ, ಆಗ ಎಲ್ಲ ಪೆಟ್ಟಿಗೂ ಒಂದೇ ತೂಕ. ಅಕ್ಕನಿಗೆ ಇದು ಹೊಸತೇ ಅಲ್ಲ. ವೀಣೆಯಲ್ಲಿಯೂ ತೋರುಬೆರಳು, ನಡುಬೆರಳುಗಳ ಮೀಟು ಕೆಳಮುಖವೇ; ಕಿರುಬೆರಳು ಮಾತ್ರ ಪಕ್ಕದ ತಾಳದ ತಂತಿಗಳನ್ನು ಮೇಲಕ್ಕೆ ಮೀಟುತ್ತದೆ. "ನಿನ್ನ ಹುಡುಗರು ಕಿರುಬೆರಳಿಗೆ ಕೆಲಸ ಕೊಟ್ಟಿಲ್ಲ" ಎಂದು ನಕ್ಕಳು.

ಅಂದಿನಿಂದ ನನಗೆ ಸಿಕ್ಕ ಹೊಸ ತಂಡವನ್ನೆಲ್ಲ ಅಕ್ಕನ ಮುಂದೆ ಹಾಕಿ ತೀರ್ಪು ಕೇಳುವುದು ರೂಢಿಯಾಯಿತು. ಕೆನಡಾದ ಗ್ವೆಲ್ಫ್ ಎಂಬ ಊರಿನ ರೇಜರ್ ತಂಡದ 'ಈವಿಲ್ ಇನ್ವೇಡರ್ಸ್' ಹಾಕಿದರೆ, "ಇವರಿಗೆ ಬಸ್ಸಿಗೆ ಹೊತ್ತಾಗಿದೆ" ಎಂದು ಎದ್ದುಹೋದಳು. ಡೆತ್ ಏಂಜಲ್‌ನ ಮೊದಲ ಆಲ್ಬಮ್ ರೆಕಾರ್ಡ್ ಆದಾಗ ಡ್ರಮ್ಮರಿಗೆ ಹದಿನಾಲ್ಕು ವರ್ಷ, ತಂಡದವರೆಲ್ಲ ಫಿಲಿಪ್ಪೀನ್ಸ್ ಮೂಲದ ದಾಯಾದಿ ಹುಡುಗರು ಎಂದಾಗ ಕುಳಿತು ಪೂರ್ತಿ ಕೇಳಿದಳು. ಜರ್ಮನಿಯ ಆಕನ್ ಊರಿನ ಹೋಲಿ ಮೋಸಸ್ ತಂಡದ 'ಫಿನಿಶ್ಡ್ ವಿತ್ ದ ಡಾಗ್ಸ್' ಅನ್ನು ಹಾಕಿ, ಗಂಟಲು ಹರಿದುಕೊಳ್ಳುತ್ತಿರುವುದು ಸಬೀನಾ ಕ್ಲಾಸೆನ್ ಎಂಬ ಹೆಂಗಸು ಎಂದು ಆಮೇಲೆ ಹೇಳಿದೆ. ಅಕ್ಕ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಸಿ ಇನ್ನೊಮ್ಮೆ ಕೇಳಿದಳು. ಏನೂ ಹೇಳಲಿಲ್ಲ. ಅಮ್ಮ ಅಡುಗೆಮನೆಯಿಂದ, "ಅವಳಿಗೆ ಯಾರಾದರೂ ಶುಂಠಿ ಕಷಾಯ ಕೊಡಿ" ಎಂದಳು.

ಡಾರ್ಕ್ ಏಂಜಲ್‌ನವರ 1991ರ ಆಲ್ಬಮ್ಮಿಗೆ 'ಒಂಬತ್ತು ಹಾಡು, 67 ನಿಮಿಷ, 246 ರಿಫ್' ಎಂದು ಜಾಹೀರಾತು ಹಾಕಿದ್ದರು. ರಿಫ್ ಎಂದರೆ ಗಿಟಾರಿನಲ್ಲಿ ಮರಳಿ ಮರಳಿ ಬರುವ ಚಿಕ್ಕ ಸ್ವರಗುಚ್ಛ. ಎಣಿಸಿ ಮಾರುವ ಸಂಗೀತ ಅದೊಂದೇ ಇರಬೇಕು. ಅಕ್ಕ ನಲವತ್ತರವರೆಗೆ ಎಣಿಸಿ ಬಿಟ್ಟಳು.

ಅವಳು ಮನಸೋತದ್ದು ಎರಡೇ ತಂಡಗಳಿಗೆ. ಒಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಕೊರೊನರ್. ಸೆಲ್ಟಿಕ್ ಫ್ರಾಸ್ಟ್ ಎಂಬ ಹಿರಿಯ ತಂಡದ ಸಾಮಾನು ಸಾಗಿಸುತ್ತಿದ್ದವರು ತಾವೇ ಸೇರಿ ಕಟ್ಟಿದ, ಮೂರೇ ಜನರ ತಂಡ. 1989ರ 'ನೋ ಮೋರ್ ಕಲರ್' ಕೇಳಿ. ಸ್ವರಗಳು ಗಡಿಯಾರದ ಹಲ್ಲುಚಕ್ರಗಳಂತೆ ಒಂದರೊಳಗೊಂದು ಕೂರುತ್ತವೆ. ಎಚ್‌ಎಂಟಿ ಕಾಲೊನಿಯಲ್ಲಿ ಬೆಳೆದವನಿಗೆ ಈ ಹೋಲಿಕೆ ಬಿಟ್ಟು ಬೇರೆ ಬರುವುದಿಲ್ಲ, ಕ್ಷಮಿಸಿ. ಇನ್ನೊಂದು ಡೆನ್ಮಾರ್ಕಿನ ಟೋಸ್ಟ್ರುಪ್ ಊರಿನ ಆರ್ಟಿಲರಿ, ಮೈಕಲ್ ಮತ್ತು ಮಾರ್ಟನ್ ಸ್ಟುಟ್ಸರ್ ಎಂಬ ಅಣ್ಣತಮ್ಮಂದಿರ ಗಿಟಾರ್. ಅವರ 'ಬೈ ಇನ್‌ಹೆರಿಟನ್ಸ್' 1990ರಲ್ಲಿ ಬಂತು, ಮೆಟಾಲಿಕಾದ ದೊಡ್ಡ ಆಲ್ಬಮ್ಮುಗಳನ್ನು ಮಾಡಿಸಿದ ಫ್ಲೆಮಿಂಗ್ ರಾಸ್ಮುಸೆನ್‌ನ ಕೈಯಲ್ಲಿಯೇ. ಅದರ ಮೊದಲ ತುಣುಕಿನ ಹೆಸರಿನಲ್ಲಿ ತಾಷ್ಕೆಂಟ್ ಇದೆ. ತಾಷ್ಕೆಂಟ್ ಎಂದರೆ ಅಪ್ಪನಿಗೆ ಶಾಸ್ತ್ರೀಜಿಯ ನೆನಪು, ಅಕ್ಕನಿಗೆ ಅಲ್ಲಿಯ ಸ್ವರಗಳ ನಡುವಿನ ಬಾಗು. "ಇವರು ಯಾರದೋ ಮನೆಯ ಮುಂದೆ ನಿಂತು ಕದ್ದು ಕೇಳಿದ್ದಾರೆ," ಎಂದಳು, ಮೆಚ್ಚಿಗೆಯಿಂದ. ಈ ಆಲ್ಬಮ್ ಯಾಕೆ ಲೋಕ ಗೆಲ್ಲಲಿಲ್ಲ ಎಂದು ನನ್ನನ್ನು ಕೇಳಬೇಡಿ. ಮರುವರ್ಷ ಮೆಟಾಲಿಕಾ ತಾನೇ ವೇಗ ಇಳಿಸಿ ಕಪ್ಪು ಹೊದಿಕೆಯ ಆಲ್ಬಮ್ ತಂದಿತು, ಅಮೆರಿಕದಲ್ಲಿ ಗ್ರಂಜ್ ಎಂಬ ಬೇರೆ ಬಗೆಯ ರಾಕ್‌ನ ಗಾಳಿ ಬೀಸಿತು. ಮದುವೆ ಮುಗಿದು ಚಪ್ಪರ ಬಿಚ್ಚುವಾಗ ಬಂದ ಒಳ್ಳೆಯ ವಾಲಗದವರಂತಾಯಿತು ಇವರ ಪಾಡು.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಹದಿನೇಳು. ನಾನು ಕಂಡದ್ದು ಹೆಚ್ಚಾಗಿ ಮುಂದಿನವರ ಬೆನ್ನುಗಳನ್ನು. ಆದರೂ ಗಂಟಲು ಕಟ್ಟುವವರೆಗೆ ಕೂಗಿದೆ. ಎರಡು ವರ್ಷಗಳ ಮೇಲೆ ನಮ್ಮೂರಿನದೇ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. 1998ರಿಂದ ಹಳೆಯ ಕಾಲದ ಹೆವಿ ಮೆಟಲ್ಲನ್ನೂ ಥ್ರ್ಯಾಶನ್ನೂ ಬೆಸೆದು ನುಡಿಸುತ್ತಿರುವವರು. ಜರ್ಮನಿಯಿಂದ ಪೆಟ್ಟಿಗೆಯಲ್ಲಿ ಬಂದದ್ದು ಬೆಂಗಳೂರಿನಿಂದ ವಿಮಾನದಲ್ಲಿ ಹಿಂದಿರುಗಿತು ಎಂದು ಅಳಿಯನಿಗೆ ಹೇಳಿದರೆ, "ಮಾಮ, ಎಲ್ಲವನ್ನೂ ನಿಮ್ಮ ಕ್ಯಾಸೆಟ್ಟಿಗೆ ತಂದು ನಿಲ್ಲಿಸುತ್ತೀರಿ" ಎಂದ.

ಆದರೆ ನನಗೆ ಓವರ್‌ಡೋಸ್ ಎಂಬ ತಂಡವನ್ನು ಹುಡುಕಿಕೊಟ್ಟವನು ಅವನೇ. 1985ರಲ್ಲಿ ಬೆಲೊ ಹೊರಿಜಾಂಚಿಯ ಕೊಗುಮೆಲೊ ಎಂಬ ರೆಕಾರ್ಡ್ ಅಂಗಡಿಯವರು ಒಂದು ಎಲ್‌ಪಿ ತಂದರು. ಊರಿನ ಎರಡು ಎಳೆಯ ತಂಡಗಳಿಗೆ ಒಂದೊಂದು ಬದಿ. ಒಂದು ಬದಿಯಲ್ಲಿ ಸೆಪುಲ್ಟುರಾದ 'ಬೆಸ್ಟಿಯಲ್ ಡಿವಾಸ್ಟೇಷನ್', ಇನ್ನೊಂದರಲ್ಲಿ ಓವರ್‌ಡೋಸ್‌ನ 'ಸೆಕ್ಯುಲೊ ವಿಂಚಿ', ಅಂದರೆ ಇಪ್ಪತ್ತನೆಯ ಶತಮಾನ. ಆಗ ಕೇಳಿದವರಿಗೆ ನುಡಿಸಾಣಿಕೆಯಲ್ಲಿ ಪಳಗಿದವರು ಯಾರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ: ಓವರ್‌ಡೋಸ್. ಸೆಪುಲ್ಟುರಾದವರದು ಶುದ್ಧ ಕೆಸರು, ಆದರೆ ಕುದಿಯುವ ಕೆಸರು. ಮುಂದೆ ಲೋಕವೆಲ್ಲ ಸುತ್ತಿದ್ದು ಕೆಸರೇ. ಆ ಎಲ್‌ಪಿಯ ಓವರ್‌ಡೋಸ್ ಬದಿಯನ್ನು ನಾನು ಈಗ ಶೆಡ್ಡಿನಲ್ಲಿ ಆಗಾಗ ಹಾಕುತ್ತೇನೆ. ನನ್ನ ಆಪರೇಟರ್ ಹುಡುಗನಿಗೆ ಇದಕ್ಕಿಂತ ಸಿಎನ್‌ಸಿಯ ಸದ್ದೇ ಇಷ್ಟ.

ಕಳೆದ ವರ್ಷ ಅಕ್ಕನ ಟೀಚರ್ ತೀರಿಕೊಂಡರು. ಅಕ್ಕ ಈಗ ಮೈಸೂರಿನಲ್ಲಿ ತಾನೇ ಪಾಠ ಹೇಳುತ್ತಾಳೆ. ಟೀಚರ್ ಕಚೇರಿ ಕೊಟ್ಟವರಲ್ಲ, ರೇಡಿಯೊದಲ್ಲಿ ನುಡಿಸಿದವರಲ್ಲ. ಶಿಷ್ಯೆಯರೆಲ್ಲ ಹುಡುಕಿದರೂ ಅವರ ನುಡಿಸಾಣಿಕೆಯ ಒಂದು ತುಣುಕೂ ಸಿಗಲಿಲ್ಲ. ಅಕ್ಕ ನನಗೆ ಫೋನ್ ಮಾಡಿದಳು. "ಆ ದರಿದ್ರ ಕ್ಯಾಸೆಟ್ ಇದೆಯೇನೋ?"

ಇತ್ತು. ಎಸ್‌ಪಿ ರಸ್ತೆಯಲ್ಲಿ ಹಳೆಯ ಡೆಕ್ ಒಂದಕ್ಕೆ ಹೊಸ ಬೆಲ್ಟ್ ಹಾಕಿಸಿದೆ, ಅಳಿಯ ಅದನ್ನು ಕಂಪ್ಯೂಟರಿಗೆ ಜೋಡಿಸಿದ. ಮೂವತ್ತೈದು ವರ್ಷದ ಟೇಪು ಎಲ್ಲಿ ಹರಿಯುತ್ತದೋ ಎಂದು ಫಾರ್ವರ್ಡ್ ಮಾಡದೆ ಮೊದಲಿನಿಂದ ಓಡಿಸಿದೆವು, ಮೂವತ್ತೊಂಬತ್ತು ನಿಮಿಷ ಕಾದೆವು. ಗಿಲೊಟಿನ್ ಮುಗಿಯಿತು, 'ಕಟಕ್' ಎಂದು ನಾನು 1990ರಲ್ಲಿ ಗುಂಡಿ ಒತ್ತಿದ ಸದ್ದು ಕೇಳಿಸಿತು, ಅದರ ಬೆನ್ನಿಗೇ ಚರಣದ ನಡುವಿನಿಂದ ಟೀಚರ್ ಬಂದರು. ಅಳಿಯ ಕತ್ತರಿಸುವಾಗ ಆರಂಭದಲ್ಲಿ ಕ್ರಿಯೇಟರ್‌ನ ಕೊನೆಯ ಅರ್ಧ ನಿಮಿಷವನ್ನು ಹಾಗೆಯೇ ಬಿಟ್ಟು ಕಳುಹಿಸಿದ, ಬೇಕೆಂತಲೇ.

ರಾತ್ರಿ ಅಕ್ಕ ಕರೆ ಮಾಡಿದಳು. ಸ್ವಲ್ಪ ಹೊತ್ತು ಟೀಚರ್ ಬಗ್ಗೆ ಮಾತಾಡಿದೆವು. ಆಮೇಲೆ ಕೇಳಿದಳು:

"ಆ ಹುಡುಗರು ಈಗ ಏನು ಮಾಡುತ್ತಿದ್ದಾರೆ?"

"ಇನ್ನೂ ನುಡಿಸುತ್ತಿದ್ದಾರೆ ಅಕ್ಕ. ಅರವತ್ತರ ಹತ್ತಿರ ಬಂದಿದ್ದಾರೆ."

"ಶ್ರುತಿ ಸೇರಿತೇ?"

"ಇಲ್ಲ."

"ಸರಿ ಬಿಡು," ಎಂದಳು.